ಬಟ್ಟಲು ತುಂಬಿದೆ, ಹಕ್ಕಿ ಉಪವಾಸ

ಪುಟ್ಟಿ, ಕಾಕಟೀಲ್ ಹಕ್ಕಿಗಳ ಜೋಡಿಯನ್ನು ತಂದಾಯಿತು ಎಂದೆ. ತರಬೇಕಿತ್ತೋ ಬೇಡವಾಗಿತ್ತೋ ಎಂಬ ಚರ್ಚೆಯನ್ನು ಈಗ ಎತ್ತುವುದಿಲ್ಲ; ಮನೆಗೆ ಬಂದ ಮೇಲೆ ಅವೂ ಮನೆಯವೇ. ಮಗ ಆಮೆ ಬೇಕೆಂದು ಹಟ ಹಿಡಿದಿದ್ದಾನೆ, ಪಕ್ಕದ ಫ್ಲ್ಯಾಟಿನವರು ಊರಿಗೆ ಹೋಗುವಾಗ ಮೊಲವನ್ನು ನಿಮ್ಮಲ್ಲೇ ಬಿಟ್ಟು ಹೋಗುತ್ತಾರೆ ಅಂತಲೂ ಹೇಳಿದೆ. "ಮಾವ, ನೀವು ದನದ ಡಾಕ್ಟ್ರಾಗಿದ್ದವರು, ಇವಕ್ಕೆ ಹುಷಾರಿಲ್ಲ ಅಂತ ಗೊತ್ತಾಗೋದು ಹೇಗೆ ಹೇಳಿ" ಅಂತ ಕೇಳಿದೆಯಲ್ಲ, ಅದು ಫೋನಿನಲ್ಲಿ ಹೇಳಿ ಮುಗಿಸುವ ಮಾತಲ್ಲ. ಅದಕ್ಕೇ ಈ ಕಾಗದ.

ಹಳ್ಳಿಯ ಪಶು ಆಸ್ಪತ್ರೆಯಲ್ಲಿದ್ದಾಗ ನನಗಿಂತ ಮೊದಲು ಕಾಯಿಲೆ ಪತ್ತೆ ಹಚ್ಚುತ್ತಿದ್ದವರು ಕೊಟ್ಟಿಗೆಯ ಹೆಂಗಸರು. "ರಾತ್ರಿ ಮೆಲುಕು ಹಾಕಿಲ್ಲ ಸ್ವಾಮಿ, ಮೂತಿ ಒಣಗಿದೆ, ಹಾಲು ಅರ್ಧ ಲೀಟರು ಕಮ್ಮಿ" ಎನ್ನುತ್ತಿದ್ದರು. ನಾನು ಥರ್ಮಾಮೀಟರ್ ತೆಗೆಯುವ ಹೊತ್ತಿಗೆ ಅರ್ಧ ಕೆಲಸ ಮುಗಿದಿರುತ್ತಿತ್ತು. ಅವರಿಗೆ ಅದನ್ನು ಯಾರೂ ಪಾಠ ಮಾಡಿರಲಿಲ್ಲ. ಅತ್ತೆಯಿಂದ ಸೊಸೆಗೆ ಬಂದ ಕಣ್ಣು ಅದು. ಆಸ್ಟ್ರೇಲಿಯಾದ ಕಾಕಟೀಲಿಗೆ, ಅಮೆರಿಕದ ಆಮೆಗೆ ನಮ್ಮ ಮನೆಗಳಲ್ಲಿ ಅಂಥ ಕಣ್ಣಿಲ್ಲ. ನಿಮ್ಮಜ್ಜಿಗೆ ಗೊತ್ತಿರಲಿಲ್ಲ, ನಿಮ್ಮಮ್ಮನಿಗೂ ಗೊತ್ತಿಲ್ಲ. ನೀನೇ ಮೊದಲಿನಿಂದ ಬೆಳೆಸಿಕೊಳ್ಳಬೇಕು. ಕಾಯಿಲೆಗಳ ಪಟ್ಟಿ ಬಾಯಿಪಾಠ ಮಾಡಬೇಡ. ಹಕ್ಕಿ ಚೆನ್ನಾಗಿರುವಾಗ ಹೇಗಿರುತ್ತದೆ ಎಂಬುದನ್ನು ಬಾಯಿಪಾಠ ಮಾಡು. ಅದರಿಂದ ಚೂರು ಆಚೀಚೆಯಾದರೂ ನಿನಗೆ ತಿಳಿಯುತ್ತದೆ.

ನಾಯಿಗೆ ಹುಷಾರಿಲ್ಲದಿದ್ದರೆ ಬಂದು ಕಾಲ ಬಳಿ ಮಲಗಿ ಕುಂಯ್ ಎನ್ನುತ್ತದೆ. ಹಕ್ಕಿ, ಮೊಲ, ಗಿನಿಪಿಗ್ ಹಾಗಲ್ಲ. ಕಾಡಿನಲ್ಲಿ ಇನ್ನೊಂದು ಪ್ರಾಣಿಗೆ ಆಹಾರವಾಗುವ ಜೀವಗಳು ಇವು. ಹಿಂಡಿನಲ್ಲಿ ಸೊರಗಿದ್ದು ಯಾವುದೆಂದು ಹದ್ದಿಗೆ ಗೊತ್ತಾದರೆ ಅದರ ಕಥೆ ಮುಗಿಯಿತು. ಹಾಗಾಗಿ ಮೈಯಲ್ಲಿ ಕಸುವಿರುವ ತನಕ ಏನೂ ಆಗಿಲ್ಲದ ಹಾಗೆ ಇರುತ್ತವೆ. ನೀನು ಪಂಜರದ ಹತ್ತಿರ ಹೋದ ಕೂಡಲೇ ಗರಿ ಮಡಚಿ, ನೆಟ್ಟಗೆ ಕೂತು, ಕಾಳು ಕುಕ್ಕುವಂತೆ ಮಾಡುತ್ತವೆ. "ನಿನ್ನೆ ಸಂಜೆ ತನಕ ಚೆನ್ನಾಗಿತ್ತು ಡಾಕ್ಟ್ರೇ, ಬೆಳಿಗ್ಗೆ ನೋಡಿದ್ರೆ ಸತ್ತು ಬಿದ್ದಿತ್ತು" ಎಂಬ ಮಾತನ್ನು ಹಕ್ಕಿ ಸಾಕುವವರ ಬಾಯಲ್ಲಿ ಕೇಳಿದಷ್ಟು ಬೇರೆ ಯಾರ ಬಾಯಲ್ಲೂ ಕೇಳಿಲ್ಲ. ಬಹುಪಾಲು ಅದು ವಾರಗಟ್ಟಲೆಯಿಂದ ಒಳಗೊಳಗೇ ಸೊರಗಿದ ಹಕ್ಕಿಯಾಗಿರುತ್ತದೆ.

ಆದ್ದರಿಂದ ದೂರದಿಂದ ನೋಡುವುದನ್ನು ರೂಢಿ ಮಾಡಿಕೊ. ಬೆಳಿಗ್ಗೆ ಕಾಫಿ ಲೋಟ ಹಿಡಿದು, ಪಂಜರದಿಂದ ಎಂಟು ಹತ್ತು ಅಡಿ ಆಚೆ, ಮಾತಾಡಿಸದೆ ಐದು ನಿಮಿಷ ಕೂರು. ಆರೋಗ್ಯವಾಗಿರುವ ಕಾಕಟೀಲ್ ಎದ್ದ ಕೂಡಲೇ ಮೈ ಕೊಡವುತ್ತದೆ, ಒಂದು ರೆಕ್ಕೆ ಒಂದು ಕಾಲು ಒಟ್ಟಿಗೆ ನೀಡಿ ಮೈ ಮುರಿಯುತ್ತದೆ, ಗರಿ ತಿದ್ದಿಕೊಳ್ಳುತ್ತದೆ, ಕೂಗುತ್ತದೆ, ನೇರ ಬಟ್ಟಲಿಗೆ ಹೋಗುತ್ತದೆ. ಮಧ್ಯಾಹ್ನ ಒಂದು ಕಾಲು ಮೇಲೆತ್ತಿಕೊಂಡು ತೂಕಡಿಸಿದರೆ ಹೆದರಬೇಡ, ಅದು ಸುಖನಿದ್ದೆ. ಹಗಲು ಹೊತ್ತಿನಲ್ಲಿ ಎರಡೂ ಕಾಲು ಊರಿ, ಗರಿ ಉಬ್ಬಿಸಿ ಉಂಡೆಯಾಗಿ, ಕಣ್ಣು ಅರೆಮುಚ್ಚಿ ಕೂತಿದ್ದರೆ ಅದು ಚಳಿ ಅಂತ ಸುಮ್ಮನಾಗಬೇಡ. ಒಂದೊಂದು ಉಸಿರಿಗೂ ಬಾಲ ಮೇಲೆ ಕೆಳಗೆ ಆಡುತ್ತಿದ್ದರೆ ಉಸಿರಾಡಲು ಕಷ್ಟಪಡುತ್ತಿದೆ ಎಂದು ಅರ್ಥ. ಕಂಬಿ ಬಿಟ್ಟು ಪಂಜರದ ನೆಲದಲ್ಲಿ ಕೂತರೆ ನಾಳೆ ನೋಡೋಣ ಎನ್ನುವ ಮಾತೇ ಇಲ್ಲ, ಅವತ್ತೇ ಡಾಕ್ಟರ ಬಳಿ ಹೊರಡು. ಇನ್ನು ಕೂಗು. ದಿನಾ ಮನೆ ಕಿತ್ತುಹೋಗುವ ಹಾಗೆ ಕಿರುಚುತ್ತಿದ್ದದ್ದು ಎರಡು ದಿನದಿಂದ ಸುಮ್ಮನಿದ್ದರೆ "ಈಗ ಒಳ್ಳೆ ಬುದ್ಧಿ ಬಂತು" ಎನ್ನುತ್ತಾರೆ ಜನ. ಬುದ್ಧಿಯಲ್ಲ ಅದು, ನಿಶ್ಶಕ್ತಿ.

ನಿವೃತ್ತನಾಗಿ ಮೈಸೂರಿಗೆ ಬಂದ ಮೇಲೆ ನಮ್ಮ ಬೀದಿಯವರೊಬ್ಬರು ಒಂದು ಬಡ್ಜರಿಗರ್ ಹಿಡಿದುಕೊಂಡು ಬಂದರು. ನಮ್ಮ ಅಂಗಡಿಗಳಲ್ಲಿ ಲವ್ ಬರ್ಡ್ಸ್ ಎಂದು ಮಾರುತ್ತಾರಲ್ಲ, ಆ ಪುಟ್ಟ ಹಕ್ಕಿ. ಜೊತೆಗೆ ಬಟ್ಟಲನ್ನೂ ತಂದಿದ್ದರು. "ಊಟಕ್ಕೇನೂ ಕಮ್ಮಿಯಿಲ್ಲ, ನೋಡಿ, ಬಟ್ಟಲು ತುಂಬ ನವಣೆ ಇದೆ" ಎಂದರು. ಬಟ್ಟಲು ತೆಗೆದುಕೊಂಡು ಉಫ್ ಎಂದು ಊದಿದೆ. ಹೊಟ್ಟು ಪೂರಾ ಹಾರಿ ಅವರ ಶರ್ಟಿನ ಮೇಲೆ ಕೂತಿತು. ಬಟ್ಟಲಿನ ತಳದಲ್ಲಿ ನಾಲ್ಕೈದು ಕಾಳು ಉಳಿದಿದ್ದವು. ಈ ಹಕ್ಕಿಗಳು ಕಾಳನ್ನು ಕೊಕ್ಕಿನಲ್ಲೇ ಸುಲಿದು ಒಳಗಿನದನ್ನು ನುಂಗಿ ಸಿಪ್ಪೆಯನ್ನು ಅಲ್ಲೇ ಉದುರಿಸುತ್ತವೆ. ನೋಡುವವರಿಗೆ ಬಟ್ಟಲು ತುಂಬಿದೆ, ಹಕ್ಕಿ ಮಾತ್ರ ಉಪವಾಸ. ಹಕ್ಕಿಯನ್ನು ಕೈಗೆ ತೆಗೆದುಕೊಂಡು ಎದೆ ಮುಟ್ಟಿದರೆ ನಡುವಿನ ಮೂಳೆ ಕತ್ತಿಯ ಅಲಗಿನಂತೆ ಬೆರಳಿಗೆ ಸಿಕ್ಕಿತು. ಚೆನ್ನಾಗಿರುವ ಹಕ್ಕಿಗೆ ಆ ಮೂಳೆಯ ಎರಡೂ ಬದಿಗೆ ಮಾಂಸ ತುಂಬಿ ದುಂಡಗಿರುತ್ತದೆ. ಪುಣ್ಯಕ್ಕೆ ಅದು ಉಳಿಯಿತು. ಕಾಯಿಲೆಯೇ ಇರಲಿಲ್ಲವಲ್ಲ, ಬರೀ ಹಸಿವು.

ಗರಿಯ ಕೆಳಗೆ ಸೊರಗಿದ್ದು ಕಣ್ಣಿಗೆ ಕಾಣದು. ಹಾಗಾಗಿ ಒಂದು ಸಣ್ಣ ಡಿಜಿಟಲ್ ತಕ್ಕಡಿ ತಂದಿಟ್ಟುಕೊ; ಕೇಕ್ ಮಾಡುವವರು ಹಿಟ್ಟು ತೂಗಲು ಇಟ್ಟುಕೊಳ್ಳುತ್ತಾರಲ್ಲ, ಒಂದು ಗ್ರಾಮ್ ಲೆಕ್ಕ ತೋರಿಸುವಂಥದ್ದು. ಅದರ ಮೇಲೆ ಒಂದು ಕಟ್ಟಿಗೆಯ ಕಂಬಿ ನಿಲ್ಲಿಸಿ, ಬೆಳಿಗ್ಗೆ ಕಾಳು ಹಾಕುವ ಮೊದಲು ಹತ್ತಿಸಿ ತೂಗು. ಒಂದು ವಾರದಲ್ಲಿ ಅಭ್ಯಾಸವಾಗುತ್ತದೆ, ತಾನಾಗಿಯೇ ಬಂದು ಕೂರುತ್ತದೆ. ಕಾಕಟೀಲ್ ಸುಮಾರು 80ರಿಂದ 110 ಗ್ರಾಮ್ ತೂಗುತ್ತದೆ, ಬಡ್ಜರಿಗರ್ 30ರಿಂದ 40. ನಿನ್ನ ಹಕ್ಕಿ 95 ಇದ್ದದ್ದು 93ಕ್ಕೆ ಬಂದರೆ ಚಿಂತೆಯಿಲ್ಲ. 86ಕ್ಕೆ ಇಳಿದರೆ ಹತ್ತರಲ್ಲಿ ಒಂದು ಪಾಲು ಹೋದಂತೆ. ಮೇಲ್ನೋಟಕ್ಕೆ ಎಷ್ಟೇ ಲವಲವಿಕೆಯಿಂದಿರಲಿ, ಡಾಕ್ಟರಿಗೆ ತೋರಿಸಲೇಬೇಕು. ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ ಬರೆಯುವ ಜಾಗದಲ್ಲೇ ಇದನ್ನೂ ಬರೆದಿಡು. ನೀನು ಕೊಂಡುಹೋಗುವ ಆ ಕ್ಯಾಲೆಂಡರ್ ಹಾಳೆ ಡಾಕ್ಟರಿಗೆ ಅರ್ಧ ಗಂಟೆ ಪ್ರಶ್ನೆ ಕೇಳುವುದನ್ನು ತಪ್ಪಿಸುತ್ತದೆ.

ಇನ್ನೊಂದು ಸಾಕ್ಷಿ ಪಂಜರದ ತಟ್ಟೆಯಲ್ಲಿದೆ. ಮರಳು, ಮರದ ಹೊಟ್ಟು ಏನೂ ಬೇಡ, ಹಳೆಯ ಪೇಪರ್ ಹಾಕಿ ದಿನಾ ಬದಲಿಸು. ಬದಲಿಸುವಾಗ ಮುಖ ತಿರುಗಿಸಬೇಡ, ಬಗ್ಗಿ ನೋಡು. ಹಕ್ಕಿಯ ಹಿಕ್ಕೆಯಲ್ಲಿ ಮೂರು ಭಾಗ: ನಡುವೆ ಹಸಿರೋ ಕಂದೋ ಬಣ್ಣದ ಗಟ್ಟಿ ಮಲ, ಅದರ ಮೇಲೆ ಸುಣ್ಣದಂಥ ಬಿಳಿ, ಸುತ್ತ ಪೇಪರಿನಲ್ಲಿ ಇಂಗಿದ ನೀರು. ಸೌತೆಕಾಯಿ, ಕಲ್ಲಂಗಡಿ ತಿಂದ ದಿನ ನೀರು ಜಾಸ್ತಿ, ಬೀಟ್‌ರೂಟ್ ತಿಂದ ದಿನ ಕೆಂಪು. ಅದಕ್ಕೆಲ್ಲ ಆಸ್ಪತ್ರೆಗೆ ಓಡಬೇಡ. ಆ ಬಿಳಿಯ ಭಾಗ ಹಳದಿಗೋ ಹಸಿರಿಗೋ ತಿರುಗಿದರೆ ಪಿತ್ತಜನಕಾಂಗ ಕೆಟ್ಟಿರಬಹುದು. ಮಲ ಡಾಂಬರಿನ ಬಣ್ಣಕ್ಕೆ ತಿರುಗಿದರೆ ಒಳಗೆ ರಕ್ತ ಒಸರುತ್ತಿರಬಹುದು. ಇಡೀ ಕಾಳು ಹಾಗೇ ಹೊರಗೆ ಬಂದಿದ್ದರೆ ಜೀರ್ಣಶಕ್ತಿ ಹೋಗಿದೆ. ದಿನಾ ಹತ್ತಾರು ಗುರುತು ಇರುತ್ತಿದ್ದ ಪೇಪರಿನಲ್ಲಿ ಇವತ್ತು ಐದಾರೇ ಇದ್ದರೆ ಹಕ್ಕಿ ತಿಂದಿಲ್ಲ, ನಿನ್ನ ಮುಂದೆ ತಿನ್ನುವ ಹಾಗೆ ಮಾಡಿದೆ ಅಷ್ಟೆ. ಡಾಕ್ಟರ ಹತ್ತಿರ ಹೋಗುವಾಗ ಆ ಪೇಪರನ್ನೇ ಮಡಚಿ ತೆಗೆದುಕೊಂಡು ಹೋಗು. ನಾಚಿಕೆ ಬೇಡ, ನಾವು ಇದನ್ನೇ ನೋಡಿ ಹೊಟ್ಟೆ ಹೊರೆದವರು.

ಈಗ ಅಡುಗೆಮನೆಯ ಮಾತು. ಇದನ್ನು ಅಳಿಯಂದಿರಿಗೂ ಓದಿ ಹೇಳು. ಹಕ್ಕಿಯ ಶ್ವಾಸಕೋಶ ನಮ್ಮದರಂತಲ್ಲ. ಅದಕ್ಕೆ ಅಂಟಿಕೊಂಡು ಮೈತುಂಬ ಗಾಳಿಚೀಲಗಳಿವೆ. ಉಸಿರು ಒಳಗೆ ಹೋಗುವಾಗಲೂ ಹೊರಗೆ ಬರುವಾಗಲೂ ಹೊಸ ಗಾಳಿ ಶ್ವಾಸಕೋಶದೊಳಗೆ ಹಾಯುತ್ತಲೇ ಇರುತ್ತದೆ. ಅಷ್ಟು ಚುರುಕಾದ ಏರ್ಪಾಡು ವಿಷದ ಗಾಳಿಯನ್ನೂ ಅಷ್ಟೇ ಚುರುಕಾಗಿ ಎಳೆದುಕೊಳ್ಳುತ್ತದೆ. ನಾನ್‌ಸ್ಟಿಕ್ ತವೆಯನ್ನು ಖಾಲಿಯಾಗಿಯೇ ಒಲೆಯ ಮೇಲಿಟ್ಟು ದೊಡ್ಡ ಉರಿ ಮಾಡಿ, ಫೋನ್ ಬಂತೆಂದು ಹಾಲಿಗೆ ಹೋದರೆ, ನಾಲ್ಕೈದು ನಿಮಿಷದಲ್ಲಿ ಅದು 280 ಡಿಗ್ರಿ ಸೆಲ್ಸಿಯಸ್ ದಾಟಬಹುದು. ಆ ಕಾವಿಗೆ ಲೇಪ ಒಡೆದು ಬರುವ ಗಾಳಿ ನಿನಗೆ ಮೂಗಿಗೂ ತಾಕದೆ ಇರಬಹುದು, ಪಕ್ಕದ ಕೋಣೆಯ ಹಕ್ಕಿ ಕಂಬಿಯಿಂದ ಉರುಳುತ್ತದೆ. ಅದಕ್ಕೆ ಮದ್ದಿಲ್ಲ. ದೋಸೆಗೆ ಅಜ್ಜಿಯ ಕಾಲದ ಕಬ್ಬಿಣದ ಕಾವಲಿಯನ್ನೇ ಹೊರಗೆ ತೆಗೆ. ದೋಸೆಯೂ ಅದರಲ್ಲೇ ಚೆನ್ನ. ಇಸ್ತ್ರಿಪೆಟ್ಟಿಗೆ, ಏರ್ ಫ್ರೈಯರ್ ಇವುಗಳಲ್ಲೂ ಅಂಥದ್ದೇ ಲೇಪ ಇರುವುದುಂಟು. ಸಾಂಬ್ರಾಣಿ, ಊದುಬತ್ತಿ, ಸೊಳ್ಳೆಬತ್ತಿ, ಜಿರಳೆಗೆ ಹೊಡೆಯುವ ಸ್ಪ್ರೇ ಯಾವುದೂ ಹಕ್ಕಿಯಿರುವ ಕೋಣೆಯಲ್ಲಿ ಬೇಡ. ದೇವರಮನೆಯ ಪಕ್ಕ ಪಂಜರ ಇಟ್ಟಿದ್ದರೆ ಇವತ್ತೇ ಬೇರೆ ಕಡೆಗೆ ಸರಿಸು.

ತಿನ್ನುವುದರಲ್ಲಿ ಸಾಯಿಸುವಂಥದ್ದು ಬಟರ್ ಫ್ರೂಟ್. ಮಕ್ಕಳಿಗೆ ಮಿಲ್ಕ್‌ಶೇಕ್ ಮಾಡುವಾಗ ಒಂದು ಚೂರು ಹಕ್ಕಿಗೂ ಎಂದು ಕೊಟ್ಟರೆ ಅದರ ಹೃದಯಕ್ಕೇ ಪೆಟ್ಟು. ಚಾಕೊಲೇಟ್, ಕಾಫಿ, ಟೀ, ಈರುಳ್ಳಿ, ಉಪ್ಪು ಹಾಕಿದ ಚಿಪ್ಸ್ ಇವೂ ಬೇಡ. ಆದರೆ ಹೆಚ್ಚು ಹಕ್ಕಿಗಳನ್ನು ನಿಧಾನಕ್ಕೆ ಕೊಲ್ಲುವುದು ನಾವು ಪ್ರೀತಿಯಿಂದ ಹಾಕುವ ಸೂರ್ಯಕಾಂತಿ ಬೀಜ. ಎಣ್ಣೆ ಜಾಸ್ತಿ, ಕ್ಯಾಲ್ಸಿಯಮ್ ಕಡಿಮೆ, ಎ ವಿಟಮಿನ್ ಇಲ್ಲವೇ ಇಲ್ಲ ಎನ್ನಬಹುದು. ವರ್ಷಗಟ್ಟಲೆ ಬರೀ ಕಾಳು ತಿಂದ ಹಕ್ಕಿಗೆ ಪಿತ್ತಜನಕಾಂಗದಲ್ಲಿ ಕೊಬ್ಬು ಕಟ್ಟುತ್ತದೆ, ಕೊಕ್ಕು ಸಿಕ್ಕಾಪಟ್ಟೆ ಬೆಳೆಯುತ್ತದೆ, ಬಾಯೊಳಗೆ ಬಿಳಿ ಗಂಟು ಕಾಣುತ್ತದೆ, ಮೂಗು ಸೋರಿ ಸೀನು ಬರುತ್ತದೆ. ಜನ ಶೀತ ಎಂದುಕೊಂಡು ಪುಡಿ ಹಾಕುತ್ತಾರೆ; ಕೊರತೆಯಿರುವುದು ತಟ್ಟೆಯಲ್ಲಿ. ಹಕ್ಕಿಗೆಂದೇ ತಯಾರಿಸಿದ ಗುಳಿಗೆಯಂಥ ಆಹಾರ, ಒಳ್ಳೆಯ ಪೆಲೆಟ್, ಅರ್ಧಕ್ಕೂ ಹೆಚ್ಚಿರಲಿ. ಉಳಿದಂತೆ ನುಗ್ಗೆಸೊಪ್ಪು, ಕ್ಯಾರೆಟ್, ಬೇಯಿಸಿದ ಸಿಹಿಗೆಣಸು, ಕುಂಬಳ, ನವಣೆಯ ತೆನೆ. ನುಗ್ಗೆಯಲ್ಲಿ ಕ್ಯಾಲ್ಸಿಯಮ್ಮೂ ಉಂಟು, ಎ ವಿಟಮಿನ್ ಆಗುವ ಸತ್ವವೂ ಉಂಟು, ಹಿತ್ತಿಲಲ್ಲಿ ಪುಕ್ಕಟೆ ಸಿಗುತ್ತದೆ. ಆಮದಾದ ಡಬ್ಬಿಗೆ ಸಾವಿರ ಕೊಡುವವರು ಅದನ್ನು ಕೊಡಲು ಹಿಂಜರಿಯುವುದು ನನಗೆ ಅರ್ಥವಾಗದ ವಿಷಯ. ಒಂದು ಎಚ್ಚರ: ಕಾಳಿನಿಂದ ಪೆಲೆಟ್ಟಿಗೆ ಒಂದೇ ದಿನದಲ್ಲಿ ಬದಲಿಸಬೇಡ. ಹಸಿದರೆ ತಾನೇ ತಿನ್ನುತ್ತದೆ ಎಂಬ ನಮ್ಮ ಗಾದೆಮಾತು ಇಲ್ಲಿ ನಡೆಯದು. ಪೆಲೆಟ್ ತಿನ್ನುವ ವಸ್ತುವೆಂದೇ ತಿಳಿಯದೆ ಹಸಿದು ಸಾಯುತ್ತದೆ. ವಾರಗಟ್ಟಲೆ ಬೆರೆಸುತ್ತಾ ಹೋಗು, ದಿನಾ ತೂಗುತ್ತಾ ಇರು.

ಜೋಡಿಯಲ್ಲಿ ಒಂದು ಹೆಣ್ಣು ಎಂದೆಯಲ್ಲ, ಅದರ ಮೇಲೆ ಒಂದು ಕಣ್ಣು ಹೆಚ್ಚಿಗೆ ಇರಲಿ. ಕಾಕಟೀಲ್ ಹೆಣ್ಣು ಗಂಡಿಲ್ಲದೆಯೂ ಮೊಟ್ಟೆಯಿಡುತ್ತದೆ, ಒಂದರ ಮೇಲೊಂದು ಇಡುತ್ತಲೇ ಹೋಗಿ ಮೈಯ ಸುಣ್ಣವನ್ನೆಲ್ಲ ಖಾಲಿ ಮಾಡಿಕೊಳ್ಳುತ್ತದೆ. ಆಗ ಮೊಟ್ಟೆ ಒಳಗೇ ಸಿಕ್ಕಿಕೊಳ್ಳುವುದುಂಟು. ನೆಲದ ಮೇಲೆ ಕಾಲಗಲಿಸಿ ಕೂತು, ಬಾಲ ಆಡಿಸುತ್ತಾ ತಿಣುಕುತ್ತಿದ್ದರೆ ಗಂಟೆಗಳ ಲೆಕ್ಕ. ಎಣ್ಣೆ ಹಚ್ಚಿ ಒತ್ತಿ ತೆಗೆಯಲು ಯಾರಾದರೂ ಹೇಳಿದರೆ ಕೇಳಬೇಡ, ಒಳಗೇ ಒಡೆಯುತ್ತದೆ. ಬೆನ್ನು ಸವರುವುದನ್ನು ಬಿಡು, ಗೂಡಿನ ಮಡಕೆ ತೆಗೆದುಬಿಡು, ರಾತ್ರಿ ಹತ್ತರವರೆಗೆ ಹಾಲಿನ ಟ್ಯೂಬ್‌ಲೈಟ್ ಬೆಳಕಿನಲ್ಲಿ ಕೂರಿಸಬೇಡ. ಹನ್ನೆರಡು ಗಂಟೆ ಕತ್ತಲಿದ್ದರೆ ಮೊಟ್ಟೆಯ ಆಸೆ ತಾನಾಗಿ ತಗ್ಗುತ್ತದೆ. ಹಾಗಂತ ಕಗ್ಗತ್ತಲೂ ಒಗ್ಗದು. ಈ ಜಾತಿ ನಡುರಾತ್ರಿ ಬೆಚ್ಚಿಬಿದ್ದು ಪಂಜರದ ತುಂಬ ಬಡಿದಾಡಿ ರೆಕ್ಕೆಯಲ್ಲಿ ರಕ್ತ ಮಾಡಿಕೊಳ್ಳುತ್ತದೆ. ದೀಪಾವಳಿಯ ವಾರ ಅಂತೂ ದಿನಾ. ಒಂದು ಸಣ್ಣ ಜೀರೋ ಬಲ್ಬು ಉರಿಯುತ್ತಿರಲಿ.

ಹಕ್ಕಿಗೆ ಹುಷಾರು ತಪ್ಪಿದೆ ಎನಿಸಿದ ಗಳಿಗೆಯಿಂದ ಡಾಕ್ಟರ ಬಳಿ ಹೋಗುವ ತನಕ ನೀನು ಮಾಡಬಹುದಾದ ದೊಡ್ಡ ಉಪಕಾರ ಕಾವು ಕೊಡುವುದು. ಚಿಕ್ಕ ಪೆಟ್ಟಿಗೆ ಅಥವಾ ಪಂಜರದ ಮೂರು ಬದಿಗೆ ಬಟ್ಟೆ ಹೊದಿಸಿ, ಒಂದು ಮಗ್ಗುಲಲ್ಲಿ ಹಳೆಯ ಕಾಲದ 60 ವ್ಯಾಟ್ ಬಲ್ಬನ್ನು ಕೊಕ್ಕಿಗೆ ತಾಗದ ಹಾಗೆ ಇಡು. ಒಳಗೆ 30 ಡಿಗ್ರಿ ಆಸುಪಾಸು ಇರಲಿ; ಬಾಯಿ ತೆರೆದು ರೆಕ್ಕೆ ಅಗಲಿಸಿದರೆ ಸೆಕೆಯಾಯಿತು ಎಂದು ತಿಳಿದು ಬಲ್ಬು ಹಿಂದಕ್ಕೆ ಸರಿಸು. ಕಾಳು, ನೀರು ಕೊಕ್ಕಿನ ಬುಡದಲ್ಲೇ ಇರಲಿ. ಚಮಚೆಯಲ್ಲಿ ನೀರು ಸುರಿಯಬೇಡ, ಶ್ವಾಸನಾಳಕ್ಕೆ ಇಳಿಯುತ್ತದೆ. ಪ್ಯಾರಾಸಿಟಮಾಲ್, ಬ್ರಾಂಡಿ, ಶುಂಠಿ ಕಷಾಯ ಯಾವುದೂ ಬೇಡ. ಅಂಗಡಿಯವರು ಕೊಡುವ ಹಳದಿ ಆಂಟಿಬಯೋಟಿಕ್ ಪುಡಿಯ ಮೇಲೆ ನನಗೆ ಮೊದಲಿನಿಂದಲೂ ಸಿಟ್ಟು. ನೀರಿಗೆ ಬೆರೆಸಿದ ಔಷಧಿ ಕಹಿ, ಕಾಯಿಲೆಯ ಹಕ್ಕಿ ಮೊದಲೇ ನೀರು ಕುಡಿಯದು. ಕುಡಿದಷ್ಟು ಔಷಧಿ ರೋಗವನ್ನು ಕೊಲ್ಲಲು ಸಾಲದೆ, ರೋಗಾಣುವಿಗೆ ಅಭ್ಯಾಸ ಮಾಡಿಸಲು ಮಾತ್ರ ಸಾಕಾಗುತ್ತದೆ.

ಇನ್ನೂ ಒಂದನ್ನು ಹೇಳದೆ ಇರಲಾರೆ, ಮನೆಯಲ್ಲಿ ವಯಸ್ಸಾದ ನಿಮ್ಮತ್ತೆಯವರಿದ್ದಾರಲ್ಲ. ಗಿಳಿ ಜಾತಿಯ ಹಕ್ಕಿಗಳಿಂದ ಮನುಷ್ಯರಿಗೆ ಬರುವ ಸಿಟಕೋಸಿಸ್ ಎಂಬ ಜ್ವರ ಉಂಟು. 1929ರ ಕೊನೆಯಿಂದ 1930ರವರೆಗೆ ದಕ್ಷಿಣ ಅಮೆರಿಕದಿಂದ ಹಡಗಿನಲ್ಲಿ ಬಂದ ಗಿಳಿಗಳ ಮೂಲಕ ಅದು ಅಮೆರಿಕ, ಯುರೋಪಿನ ಮನೆಮನೆಗೆ ಹಬ್ಬಿ ದೊಡ್ಡ ಗಾಬರಿ ಎಬ್ಬಿಸಿತ್ತು. ಈಗ ಡಾಕ್ಸಿಸೈಕ್ಲಿನ್ ಇದೆ, ಗುಣವಾಗುತ್ತದೆ. ಆದರೆ ಹಕ್ಕಿಗೆ ಸಾಮಾನ್ಯವಾಗಿ 45 ದಿನ ಕೊಡಬೇಕು, ಆ ದಿನಗಳಲ್ಲಿ ಪಂಜರದ ಕ್ಯಾಲ್ಸಿಯಮ್ ಬಿಲ್ಲೆ ತೆಗೆದಿಡಬೇಕು, ಇಲ್ಲವಾದರೆ ಔಷಧಿ ಮೈಗೆ ಹತ್ತದು. ಒಣಗಿದ ಹಿಕ್ಕೆಯ ದೂಳಿನಿಂದ ಹರಡುವ ರೋಗ ಅದು, ಹಾಗಾಗಿ ತಟ್ಟೆಯನ್ನು ಒಣಗಿದಾಗ ಕೆರೆಯಬೇಡ, ನೀರು ಚಿಮುಕಿಸಿ ಒರೆಸು. ಮನೆಯಲ್ಲಿ ಯಾರಿಗಾದರೂ ಬಿಡದ ಜ್ವರ, ತಲೆನೋವು, ಒಣಕೆಮ್ಮು ಬಂದರೆ "ಮನೆಯಲ್ಲಿ ಹಕ್ಕಿ ಸಾಕಿದ್ದೇವೆ" ಎಂಬ ಮಾತನ್ನು ಡಾಕ್ಟರಿಗೆ ನೀನಾಗಿಯೇ ಹೇಳು. ಅವರಾಗಿ ಕೇಳುವುದು ಕಡಿಮೆ. ಕಾಕಟೀಲ್ ಮೈಯಿಂದ ಬಿಳಿ ಪುಡಿ ಉದುರುತ್ತಲೇ ಇರುತ್ತದೆ, ದಮ್ಮು ಇರುವವರು ಮಲಗುವ ಕೋಣೆಯಲ್ಲಿ ಪಂಜರ ಇಡಬೇಡ. ಮೂರನೆಯ ಹಕ್ಕಿ ತರುವ ಆಸೆಯಾದರೆ ಅದನ್ನು ಬೇರೆ ಕೋಣೆಯಲ್ಲಿ ಒಂದೂವರೆ ತಿಂಗಳು ಇಟ್ಟು, ಹಳೆಯವಕ್ಕೆ ಕಾಳು ಹಾಕಿದ ಮೇಲೆ ಅದಕ್ಕೆ ಹಾಕು. ಅಂಗಡಿಯಲ್ಲಿ ಹತ್ತು ಊರಿನ ಹಕ್ಕಿಗಳು ಒಂದೇ ಪಂಜರದಲ್ಲಿ ಇರುತ್ತವೆ.

ಮಗನ ಆಮೆಯ ವಿಷಯಕ್ಕೆ ಬಂದರೆ, ಬೇಡ ಎಂದೇ ನನ್ನ ಮಾತು. ಪ್ಲಾಸ್ಟಿಕ್ ತೆಂಗಿನಮರ ನೆಟ್ಟ ಬೋಗುಣಿಯಲ್ಲಿ ನಾಣ್ಯದಗಲದ ಮರಿ ಮುದ್ದಾಗಿ ಕಾಣುತ್ತದೆ, ನಿಜ. ಕಿವಿಯ ಬಳಿ ಕೆಂಪು ಪಟ್ಟೆಯ ಆ ಆಮೆ ಊಟದ ತಟ್ಟೆಯಷ್ಟಾಗುತ್ತದೆ, ಮೂವತ್ತು ವರ್ಷ ಬದುಕಬಲ್ಲದು. ನಿನ್ನ ಮಗನಿಗೆ ಮಕ್ಕಳಾಗುವ ತನಕ ನೀನೇ ನೀರು ಬದಲಿಸಬೇಕು. ಅದಕ್ಕೆ ಬಿಸಿಲು ಕಾಯಲು ಒಣ ಜಾಗ ಬೇಕು, ಚರ್ಮದಲ್ಲಿ ಡಿ ವಿಟಮಿನ್ ಆಗಲು ಯುವಿಬಿ ಕಿರಣ ಬೇಕು. ಕಿಟಕಿಯ ಗಾಜನ್ನು ಆ ಕಿರಣ ದಾಟಿ ಬರದು, ಯುವಿಬಿ ಬಲ್ಬು ಹೊತ್ತಿ ಉರಿಯುತ್ತಿದ್ದರೂ ವರ್ಷದೊಳಗೆ ಅದರ ಕಿರಣ ಬತ್ತಿರುತ್ತದೆ. ಅದಿಲ್ಲದೆ ಚಿಪ್ಪು ಮೆತ್ತಗಾಗುತ್ತದೆ, ಸೊಟ್ಟಗಾಗುತ್ತದೆ. ಬರೀ ಒಣಸೀಗಡಿ ಹಾಕಿ ಬೆಳೆಸಿದ ಮರಿಗಳಿಗೆ ಎ ವಿಟಮಿನ್ ಸಾಲದೆ ಕಣ್ಣು ಊದಿ ಮುಚ್ಚಿಕೊಳ್ಳುತ್ತವೆ. ಕಣ್ಣು ಕಾಣದ್ದಕ್ಕೆ ತಿನ್ನುವುದಿಲ್ಲ, ತಿನ್ನದ್ದಕ್ಕೆ ಕಣ್ಣು ಇನ್ನೂ ಊದುತ್ತದೆ. ನೀರಿನಲ್ಲಿ ಒಂದೇ ಬದಿಗೆ ವಾಲಿ ಈಜಿದರೆ ಅದು ಆಟವಲ್ಲ, ನ್ಯುಮೋನಿಯಾ ಇರಬಹುದು. ಮೇಲಾಗಿ ಆಮೆಯ ಮೈಮೇಲೆ ಸಾಲ್ಮೊನೆಲ್ಲಾ ಎಂಬ ರೋಗಾಣು ಇರುವುದುಂಟು, ಆಮೆಗೆ ಏನೂ ಮಾಡದೆ ಮಗುವಿಗೆ ಭೇದಿ ಹಿಡಿಸುತ್ತದೆ. ಮಕ್ಕಳು ಸಣ್ಣ ಮರಿಗಳನ್ನು ಬಾಯಿಗೆ ಹಾಕಿಕೊಳ್ಳುತ್ತಾರೆಂದೇ ಅಮೆರಿಕದಲ್ಲಿ 1975ರಲ್ಲಿ ನಾಲ್ಕು ಇಂಚಿಗಿಂತ ಚಿಕ್ಕ ಆಮೆಯ ಮಾರಾಟ ನಿಲ್ಲಿಸಿದರು. ಬೇಸರವಾಯಿತೆಂದು ಕೆರೆಗೆ ಬಿಟ್ಟು ಪುಣ್ಯ ಕಟ್ಟಿಕೊಂಡೆವು ಎನ್ನುವವರೂ ಇದ್ದಾರೆ. ನಮ್ಮ ಕೆರೆಯ ಆಮೆಗಳ ಅನ್ನಕ್ಕೆ, ಜಾಗಕ್ಕೆ ಅದು ಕಲ್ಲು.

ಪಕ್ಕದವರ ಮೊಲ ನಿಮ್ಮಲ್ಲಿರುವಾಗ ಗಡಿಯಾರ ನೋಡುತ್ತಿರು. ಹನ್ನೆರಡು ಗಂಟೆ ಅದು ಏನೂ ತಿನ್ನದೆ, ಹಿಕ್ಕೆ ಹಾಕದೆ ಇದ್ದರೆ ಕರುಳು ನಿಂತಿದೆ ಎಂದು ತಿಳಿ. ಅವರು ಊರಿಂದ ಬರಲಿ ಎಂದು ಕಾಯಬೇಡ. ಮೊಲದ ಹಲ್ಲು ಜೀವಮಾನವಿಡೀ ಬೆಳೆಯುತ್ತದೆ. ಅದು ಸವೆಯಲು, ಕರುಳು ನಡೆಯಲು ಹುಲ್ಲೇ ಆಗಬೇಕು. ಗಣಪತಿಗೆ ಏರಿಸುವ ಗರಿಕೆ ಇದೆಯಲ್ಲ, ಅದನ್ನು ತೊಳೆದು ರಾಶಿ ಹಾಕು. ಸಿನಿಮಾದಲ್ಲಿ ಮೊಲಕ್ಕೆ ಕ್ಯಾರೆಟ್ ಕೊಡುವುದು ನೋಡಿ ದಿನಾ ಕ್ಯಾರೆಟ್ ಹಾಕುವವರಿದ್ದಾರೆ. ಅದರಲ್ಲಿ ಸಕ್ಕರೆ ಜಾಸ್ತಿ, ಒಂದು ಬಿಲ್ಲೆ ಸಾಕು. ತನ್ನದೇ ಮೆತ್ತನೆಯ ಹಿಕ್ಕೆಯನ್ನು ತಾನೇ ತಿನ್ನುವುದು ಅದರ ಧರ್ಮ, ಗದರಿಸಬೇಡ. ಉಚ್ಚೆ ಕೆಂಪಗಿದ್ದರೆ ಬಹಳ ಸಲ ಸೊಪ್ಪಿನ ಬಣ್ಣವಷ್ಟೆ. ಆದರೆ ನಾಯಿಗೆ ಹಚ್ಚುವ ಫಿಪ್ರೋನಿಲ್ ಉಣ್ಣೆಮದ್ದು ಮೊಲಕ್ಕೆ ವಿಷ, ಮಕ್ಕಳಿಗೆ ಕೊಡುವ ಅಮಾಕ್ಸಿಸಿಲಿನ್ ಸಿರಪ್ಪು ಮೊಲ, ಗಿನಿಪಿಗ್ ಎರಡರ ಕರುಳನ್ನೂ ಕೆಡಿಸಿ ಕೊಲ್ಲುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ಬಾಲ್ಕನಿಯಲ್ಲಿ ಇಡಬೇಡ, ಬೆವರಲು ಅದಕ್ಕೆ ಬಾರದು. ಗಿನಿಪಿಗ್ಗಿಗಾದರೆ ನಮ್ಮ ಹಾಗೆಯೇ ಸಿ ವಿಟಮಿನ್ ಹೊರಗಿನಿಂದಲೇ ಬರಬೇಕು. ದಿನಾ ಒಂದು ಚೂರು ಸೀಬೆಹಣ್ಣೋ ಡೊಣ್ಣೆಮೆಣಸಿನಕಾಯೋ ಇಲ್ಲದಿದ್ದರೆ ಕೀಲು ಊದಿ ಕುಂಟುತ್ತದೆ.

ಕಾನೂನಿನ ಮಾತೂ ಒಂದಿಷ್ಟು. ನಮ್ಮ ಊರಿನ ಹಸಿರು ಗಿಳಿ, ನಕ್ಷತ್ರ ಆಮೆ ಇವನ್ನು ಮನೆಯಲ್ಲಿಡುವುದು 1972ರ ವನ್ಯಜೀವಿ ಕಾಯ್ದೆಯಡಿ ಅಪರಾಧ. ಯಾರಾದರೂ ಅಗ್ಗಕ್ಕೆ ಕೊಡುತ್ತೇನೆಂದರೆ ಬಾಗಿಲು ಹಾಕಿಕೊ. ಆ ಕಾಯ್ದೆಗೆ 2022ರಲ್ಲಿ ತಿದ್ದುಪಡಿಯಾಗಿ, 2024ರ ಫೆಬ್ರುವರಿಯಲ್ಲಿ ನಿಯಮಗಳೂ ಬಂದವು. ಅದರಂತೆ ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರದ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿರುವ ಹೊರದೇಶದ ಜೀವಿಗಳನ್ನು ಸಾಕಿದವರು ಪರಿವೇಶ್ 2.0 ಪೋರ್ಟಲ್ಲಿನಲ್ಲಿ ನೋಂದಾಯಿಸಬೇಕು. ಆಫ್ರಿಕನ್ ಗ್ರೇ ಗಿಳಿ, ಮಕಾವ್, ಇಗುವಾನಾ, ಬಾಲ್ ಪೈಥಾನ್ ಎಲ್ಲ ಆ ಪಟ್ಟಿಯಲ್ಲಿವೆ. ಕಾಕಟೀಲ್, ಬಡ್ಜರಿಗರ್ ಇಲ್ಲ, ನಿನಗೆ ಆ ತಲೆನೋವಿಲ್ಲ. ಅಳಿಯಂದಿರ ಸ್ನೇಹಿತರ ಹತ್ತಿರ ಆಫ್ರಿಕನ್ ಗ್ರೇ ಇದೆ ಎಂದೆಯಲ್ಲ, ನೋಂದಣಿ ಆಗಿದೆಯೇ ಎಂದು ಅವರನ್ನು ಒಮ್ಮೆ ಕೇಳಲು ಹೇಳು. ಬರೀ ಬೀಜ ಹಾಕುತ್ತಿದ್ದರೆ ಅದಕ್ಕೆ ಕ್ಯಾಲ್ಸಿಯಮ್ ಇಳಿದು ಫಿಟ್ಸ್ ಬರುತ್ತದೆಂದೂ ಹೇಳಲಿ.

ಕೊನೆಗೆ ಡಾಕ್ಟರ ಮಾತು. ನಾನು ದನದ ಡಾಕ್ಟರ್. ನಿನ್ನ ಹಕ್ಕಿಯನ್ನು ಫೋಟೋದಲ್ಲಿ ನೋಡಿ ಔಷಧಿ ಬರೆಯಲು ನನ್ನನ್ನು ಕೇಳಬೇಡ, ಬರೆಯುವುದೂ ಇಲ್ಲ. ನಾಯಿ ಬೆಕ್ಕು ನೋಡುವವರೆಲ್ಲ ಹಕ್ಕಿ ನೋಡುವುದಿಲ್ಲ, ನೋಡುವುದಿಲ್ಲ ಎಂದು ನೇರವಾಗಿ ಹೇಳುವವರು ಒಳ್ಳೆಯವರು. ಬೆಂಗಳೂರಿನಲ್ಲಿ ಹಕ್ಕಿ, ಸರೀಸೃಪಗಳನ್ನೇ ನೋಡುವ ವೈದ್ಯರು ಈಗ ಇದ್ದಾರೆ, ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ ವಿಚಾರಿಸಿದರೂ ದಾರಿ ಸಿಗುತ್ತದೆ. ಫೋನ್ ಮಾಡಿ "ಹಕ್ಕಿಯ ರಕ್ತಪರೀಕ್ಷೆ, ಹಿಕ್ಕೆ ಪರೀಕ್ಷೆ ನಿಮ್ಮಲ್ಲಿ ಆಗುತ್ತದೆಯೇ, ರಾತ್ರಿ ಬಂದರೆ ನೋಡುತ್ತೀರಾ" ಎಂದು ಮೊದಲೇ ಕೇಳಿಟ್ಟುಕೊ. ಆ ನಂಬರನ್ನು ಪಂಜರದ ಪಕ್ಕದ ಗೋಡೆಗೆ ಅಂಟಿಸು. ಮುಂದಿನ ಭಾನುವಾರದೊಳಗೆ ತಕ್ಕಡಿ ಬಂದಿರಲಿ, ಎರಡು ಹಕ್ಕಿಯನ್ನೂ ಚೆನ್ನಾಗಿರುವಾಗಲೇ ಒಮ್ಮೆ ಕರೆದುಕೊಂಡು ಹೋಗಿ ತೋರಿಸಿಕೊಂಡು ಬಾ. ಅವತ್ತಿನ ತೂಕ ಎಷ್ಟು ಬಂತೆಂದು ನನಗೆ ಬರೆ.